ಒಂದ್ಸಲ ಕೈ ಎತ್ತಿ ನೋಡಿ

"ಆ ಅಂಗಿ ನಿಮ್ಮದಲ್ಲ, ಅಲ್ವಾ?"

ಏಣಿಯ ಮೇಲಿದ್ದ ಅವಳ ಕುಂಚ ಗಾಳಿಯಲ್ಲೇ ನಿಂತಿತು.

ಕೆಳಗೆ ನೋಡಿದಳು. ಹೊಲಿಗೆ ಅಂಗಡಿಯ ಬಾಗಿಲಲ್ಲಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡ ಒಬ್ಬ ನಿಂತಿದ್ದ. ಮುಖದಲ್ಲಿ ತಮಾಷೆಯೂ ಇರಲಿಲ್ಲ, ತಕರಾರೂ ಇರಲಿಲ್ಲ. ಡಾಕ್ಟರು ರೋಗಿಯ ನಾಲಿಗೆ ನೋಡುವಷ್ಟು ಗಂಭೀರವಾಗಿ ಅವಳ ಭುಜ ನೋಡುತ್ತಿದ್ದ.

"ಯಾಕೆ, ಕದ್ದು ತಂದಿದ್ದೀನಿ ಅನ್ಸುತ್ತಾ?"

"ಅಯ್ಯೋ, ಹಾಗಲ್ಲ. ಒಂದೊಂದು ಅಕ್ಷರ ಆದ್ಮೇಲೂ ಎಡಗೈಯಲ್ಲಿ ಅಂಗಿ ಕೆಳಗೆ ಎಳ್ಕೋತೀರಿ. ತಮಗೇ ಅಂತ ಹೊಲಿಸಿದ ಅಂಗಿನ ಯಾರೂ ಅಷ್ಟು ಎಳ್ಕೊಳ್ಳಲ್ಲ. ಅದಕ್ಕೆ ಕೇಳ್ದೆ."

ಅವಳ ಕೆನ್ನೆ ಬಿಸಿಯಾಯಿತು. ಹಾಗಾದರೆ ಬೆಳಗಿನಿಂದ ಈ ಮನುಷ್ಯ ನನ್ನನ್ನೇ ನೋಡುತ್ತಿದ್ದನಾ... ಆ ಅಂಗಿ ನಿಜವಾಗಿಯೂ ಅವಳದಾಗಿರಲಿಲ್ಲ. ಅದು ಅವಳ ಅಪ್ಪನದು. ಅಪ್ಪನೂ ಬೋರ್ಡು ಬರೆಯುವವರೇ. ಬಲಭುಜ ಮೇಲೆತ್ತಲಾಗದೆ ಕುಂಚ ಕೆಳಗಿಟ್ಟ ದಿನ ಬಣ್ಣದ ಡಬ್ಬಿ, ಏಣಿ, ಹಳೆಯ ಅಂಗಿಗಳು ಎಲ್ಲವೂ ಮಗಳ ಪಾಲಿಗೆ ಬಂದಿದ್ದವು.

ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದಿನ ಜೊತೆಗೇ ಒಂದು ಹೆಂಗಸಿನ ದನಿ ಬಂತು. "ಬೋರ್ಡು ಬರೆಯೋಳನ್ನ ಬೋರ್ಡು ಓದಿದ ಹಾಗೆ ಓದ್ಬೇಡ ಕಣೋ. ಬಿಸಿಲಲ್ಲಿ ನಿಂತಿದ್ದಾಳೆ, ನೀರು ಕೊಡು ಮೊದ್ಲು."

ಅದು ಅವನ ಸೋದರತ್ತೆ, ಅಂಗಡಿಯ ಒಡತಿ, ಆ ಬೋರ್ಡು ಬರೆಸುತ್ತಿದ್ದವರು. ಬಟ್ಟೆ ಕತ್ತರಿಸುವುದು ಅವನ ಕೆಲಸ, ಹೊಲಿಯುವುದು ಅವರದು, ಮಾತಾಡುವುದಂತೂ ಪೂರ್ತಿ ಅವರದೇ. ಓಣಿಯವರೆಲ್ಲ ಅವನನ್ನು ಮಾಸ್ಟರ್ ಎನ್ನುತ್ತಿದ್ದರು. ಅತ್ತೆ ಅವಳಿಗೆ ಅವತ್ತೇ 'ಏಣಿ' ಎಂದು ಹೆಸರಿಟ್ಟರು.

ಮಾಸ್ಟರ್ ನೀರು ತಂದುಕೊಟ್ಟು, ತುಸು ತಡವರಿಸಿ ಹೇಳಿದ. "ನಿಮಗೊಂದು ಕೆಲಸದ ಅಂಗಿ ಹೊಲಿದು ಕೊಡ್ಲಾ?"

ಬೇಡ ಎನ್ನಬೇಕೆಂದೇ ಅವಳು ಬಾಯಿ ತೆರೆದದ್ದು. ಹೊರಗೆ ಬಂದ ಮಾತು ಮಾತ್ರ "ಸರಿ" ಎಂದು!

*

ಬೋರ್ಡಿನ ಕೆಲಸಕ್ಕೆ ಕೆಲವು ದಿನ ಹಿಡಿಯಿತು. ನಿಜ ಹೇಳಬೇಕೆಂದರೆ ಅಷ್ಟು ದಿನ ಬೇಕಿರಲಿಲ್ಲ. ಬಣ್ಣ ಒಣಗಲಿ, ಇನ್ನೊಂದು ಕೋಟು ಹಾಕೋಣ ಎಂದು ಅವಳೇ ಎಳೆದಳು. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳುವ ಧೈರ್ಯ ಅವಳಿಗೆ ಇರಲಿಲ್ಲ.

ಏಣಿಯ ಮೇಲಿಂದ ಕಿಟಕಿಯಲ್ಲಿ ಅವನ ಮೇಜು ಚೆನ್ನಾಗಿ ಕಾಣುತ್ತಿತ್ತು. ಗಿರಾಕಿ ಯಾರೇ ಬರಲಿ, ಅವನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. "ಇದನ್ನ ಹಾಕ್ಕೊಂಡು ಕೈಯಲ್ಲಿ ಏನು ಮಾಡ್ತೀರಿ?"

ಬಸ್ ಓಡಿಸುವವನು ಸ್ಟಿಯರಿಂಗ್ ತಿರುಗಿಸಿ ತೋರಿಸುತ್ತಿದ್ದ. ಮೇಷ್ಟ್ರು ಕರಿಹಲಗೆಯ ಮೇಲೆ ಬರೆದಂತೆ ಕೈಯಾಡಿಸುತ್ತಿದ್ದರು. ಒಬ್ಬ ಬಾಣಂತಿ ಏನೂ ಹೇಳದೆ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವನು ಎಲ್ಲವನ್ನೂ ಗಮನವಿಟ್ಟು ನೋಡಿ, ಆಮೇಲೇ ಸೀಮೆಸುಣ್ಣ ಎತ್ತಿಕೊಳ್ಳುತ್ತಿದ್ದ.

ಬಟ್ಟೆಯ ಮೇಲೆ ಎಲ್ಲ ಗೆರೆಗಳನ್ನೂ ಪಟ್ಟಿ ಇಟ್ಟು ಎಳೆಯುತ್ತಿದ್ದವನು ಒಂದು ಗೆರೆಯನ್ನು ಮಾತ್ರ ಬರಿಗೈಯಲ್ಲಿ ಎಳೆಯುತ್ತಿದ್ದ. ಅದು ಆರ್ಮ್‌ಹೋಲ್. ಭುಜದ ತುದಿಯಿಂದ ಇಳಿದು ಕಂಕುಳ ಕೆಳಗೆ ಬಾಗಿ ಬರುವ, ತೋಳು ಬಂದು ಕೂಡುವ ಬಾಯಿ. ಉಸಿರು ಹಿಡಿದು ಒಂದೇ ಎಳೆತಕ್ಕೆ ಮುಗಿಸುತ್ತಿದ್ದ.

ನಾನೂ ಅಕ್ಷರದ ಬಾಗು ಹೀಗೇ ಅಲ್ಲವಾ ಎಳೆಯುವುದು... ಅವಳಿಗೆ ಮೈ ಜುಮ್ಮೆಂದಿತು. ಕುಂಚ ಬಾಗಿನ ನಡುವೆ ನಿಂತರೆ ಅಕ್ಷರ ಕೆಟ್ಟಿತು ಎಂದು ಅಪ್ಪ ಕಲಿಸಿದ್ದರು. ಆ ಕಷ್ಟ ಗೊತ್ತಿದ್ದ ಇನ್ನೊಬ್ಬನನ್ನು ಅವಳು ನೋಡಿದ್ದು ಅದೇ ಮೊದಲು.

ಅಳತೆ ಕೊಡುವ ದಿನ ಅವಳು ಅಪ್ಪನ ಇನ್ನೊಂದು ಅಂಗಿ ತಂದಿಟ್ಟಳು. "ಇದೇ ಅಳತೆ ಬಟ್ಟೆ. ಕಂಕುಳಲ್ಲಿ ಮಾತ್ರ ಇನ್ನೂ ಸಡಿಲ ಇರ್ಲಿ. ಕೈ ಆಡೋಕೆ ಜಾಗ ಬೇಕು ಅಂತ ಅಪ್ಪ ಯಾವಾಗ್ಲೂ ಹೇಳ್ತಾರೆ."

ಅವನು ಆ ಅಂಗಿಯನ್ನು ತಿರುಗಿಸಿ ನೋಡಿದ. ಏನೋ ಹೇಳಲು ಹೋಗಿ ಸುಮ್ಮನಾದ. "ಆದ್ರೂ ಮೈ ಅಳತೆ ಒಂದ್ಸಲ ತಗೊಳ್ಳೋಣ."

ಹೆಂಗಸರ ಅಳತೆ ತೆಗೆಯುವುದು ಅತ್ತೆ. ಅವನು ಗೋಡೆಯ ಕಡೆ ತಿರುಗಿ ನಿಂತು, ಅತ್ತೆ ಕೂಗಿದ ಅಂಕಿಗಳನ್ನು ನೆನಪಿಟ್ಟುಕೊಳ್ಳುತ್ತಿದ್ದ. ಅವತ್ತೂ ಹಾಗೇ ನಿಂತ. ಆದರೆ ಅವನ ಕಿವಿಗಳು ಕೆಂಪಗಾಗಿದ್ದವು. ಅದನ್ನು ಅವಳೂ ನೋಡಿದಳು, ಅತ್ತೆಯೂ ನೋಡಿದರು.

"ಗೋಡೆ ಚೆನ್ನಾಗಿದೆಯೇನೋ?" ಎಂದರು ಅತ್ತೆ.

*

ಅಂಗಿ ಸಿದ್ಧವಾಯಿತು ಎಂದು ತಿಳಿದ ಸಂಜೆ ಅವಳು ತಲೆ ಬಾಚಿಕೊಂಡು ಬಂದಳು. ಬೋರ್ಡಿನಲ್ಲಿ ಒಂದೇ ಅಕ್ಷರ ಬಾಕಿ ಇತ್ತು. 'ಹೊಲಿಗೆ ಅಂಗ' ಎಂದಾಗಿತ್ತು, 'ಡಿ' ಬರೆಯಬೇಕಿತ್ತು. ಮರುದಿನ ಬೆಳಗ್ಗೆ ಅವಳ ಬದುಕಿನ ದೊಡ್ಡ ಕೆಲಸ ಶುರುವಾಗುವುದಿತ್ತು. ಹೊಸ ಗ್ರಂಥಾಲಯದ ಹಣೆಯ ಮೇಲೆ ಆಳೆತ್ತರದ ಅಕ್ಷರಗಳು! ಅಪ್ಪನ ಕೈ ಇಲ್ಲದೆ ಅವಳೊಬ್ಬಳೇ ಬರೆಯಬೇಕಾದ ಮೊದಲ ದೊಡ್ಡ ಬರಹ. ಅವಳ ಕೈ ನಡುಗಿದರೆ ಊರೇ ನೋಡುತ್ತಿತ್ತು.

ಒಳಕೋಣೆಯಲ್ಲಿ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ಬಂದು ನಿಂತಳು. ಕೈಗಳು ಎರಡೂ ಪಕ್ಕದಲ್ಲಿ ಇಳಿಬಿದ್ದಿದ್ದವು.

ಕಂಕುಳಿಗೆ ಬಟ್ಟೆ ತಾಗುತ್ತಿತ್ತು. ಅಪ್ಪನ ಅಂಗಿಯಲ್ಲಿ ಎಂದೂ ಏನೂ ತಾಗದಿದ್ದ ಜಾಗ ಅದು.

"ಇದೇನಿದು? ಸಡಿಲ ಮಾಡಿ ಅಂದ್ರೆ ಇಷ್ಟು ಚಿಕ್ಕದು ಮಾಡಿದ್ದೀರಾ?"

"ಚಿಕ್ಕದು ಮಾಡ್ಲೇಬೇಕಿತ್ತು. ಆರ್ಮ್‌ಹೋಲ್ ಸ್ವಲ್ಪ ಮೇಲೆ ತಂದಿದ್ದೀನಿ. ಒಂದ್ಸಲ ಕೈ ಎತ್ತಿ ನೋಡಿ."

"ಕೈ ಇಳಿಸಿದಾಗ್ಲೇ ಹೀಗೆ, ಇನ್ನು ಎತ್ತಿದ್ರೆ ಕೇಳ್ಬೇಕಾ? ಅಪ್ಪನ ಅಂಗಿ ಹಾಗೇ ಬೇಕು ಅಂತ ಬಿಡಿಸಿ ಹೇಳಿದ್ನಲ್ಲ."

ಅವನು ಇಲ್ಲೊಂದು ತಪ್ಪು ಮಾಡಿದ. ವಿಷಯ ಬಿಡಿಸಿ ಹೇಳುವ ಬದಲು ಮನಸ್ಸಿಗೆ ಬಂದದ್ದನ್ನು ಹಾಗೇ ಅಂದುಬಿಟ್ಟ. "ನಿಮ್ಮ ಅಪ್ಪನ ಅಂಗಿ ಕೈಗೆ ಶತ್ರು ರೀ."

ಅವಳ ಕಣ್ಣೆದುರು ಅಪ್ಪನ ಎತ್ತಲಾಗದ ಬಲಗೈ ಬಂತು. ಅನ್ನದ ತಟ್ಟೆಯ ಮುಂದೆ ಎಡಗೈಯಿಂದ ಬಲಗೈಯನ್ನು ಎತ್ತಿ ಇಟ್ಟುಕೊಳ್ಳುವ ಅಪ್ಪ.

"ನಮ್ಮಪ್ಪ ಆ ಅಂಗಿ ಹಾಕ್ಕೊಂಡೇ ಈ ಊರಿನ ಅರ್ಧ ಬೋರ್ಡು ಬರೆದಿದ್ದಾರೆ," ಅವಳ ದನಿ ಒಡೆಯಿತು. "ಅವರ ಬಗ್ಗೆ ನಿಮಗೇನು ಗೊತ್ತು? ಹೇಳಿದ್ದು ಕಿವಿಗೆ ಹಾಕ್ಕೊಳ್ಳದೆ ತಮಗೆ ತಿಳಿದಿದ್ದೇ ಸರಿ ಅನ್ನೋರ ಹತ್ರ ನಾನು ಬಂದಿದ್ದೇ ತಪ್ಪು."

ಅಂಗಡಿಯಲ್ಲಿದ್ದ ಗಿರಾಕಿಗಳು ನೆಲ ನೋಡಿದರು. ಅವನ ಮುಖ ಬಿಳಿಚಿಕೊಂಡಿತು.

ಅವಳು ಏಣಿ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಓಣಿಯ ತಿರುವು ದಾಟಿದ ಮೇಲೆ ಅರಿವಾಯಿತು. ಮೈಮೇಲಿದ್ದದ್ದು ಹೊಸ ಅಂಗಿ. ಹಾಕಿಕೊಂಡು ಬಂದಿದ್ದ ಅಪ್ಪನ ಅಂಗಿ, ಅಳತೆಗೆ ಕೊಟ್ಟ ಅಪ್ಪನ ಅಂಗಿ, ಎರಡೂ ಅವನ ಅಂಗಡಿಯಲ್ಲೇ ಉಳಿದಿದ್ದವು. ವಾಪಸು ಹೋಗಲು ಹಾಳಾದ ಅಭಿಮಾನ ಬಿಡಲಿಲ್ಲ.

*

ಬೆಳಗ್ಗೆ ಬೇರೆ ದಾರಿ ಇರಲಿಲ್ಲ. ಇದ್ದ ಎರಡು ಕೆಲಸದ ಅಂಗಿಯೂ ಅಲ್ಲಿ. ಮೂಗು ಮುರಿದುಕೊಂಡೇ ಹೊಸದನ್ನು ತೊಟ್ಟು ಗ್ರಂಥಾಲಯದ ಮುಂದೆ ಏಣಿ ಹತ್ತಿದಳು. ಕೆಳಗೆ ಸ್ಟೂಲಿನ ಮೇಲೆ ಅಪ್ಪ ಕುಳಿತಿದ್ದರು, ತಪ್ಪು ಹುಡುಕುವ ಕೆಲಸಕ್ಕೆ.

ಕುಂಚ ಅದ್ದಿದಳು. ಕೈ ಎತ್ತಿದಳು.

ತೋಳು ಮೇಲೆ ಹೋಯಿತು. ಅಂಗಿ ಇದ್ದಲ್ಲೇ ಇತ್ತು.

ಅವಳು ನಂಬದೆ ಕೈ ಇಳಿಸಿ ಮತ್ತೆ ಎತ್ತಿದಳು, ತಲೆಯ ಮೇಲಕ್ಕೆ, ಇನ್ನೂ ಮೇಲಕ್ಕೆ. ಸೊಂಟದ ಅಂಚು ಅಲುಗಲಿಲ್ಲ. ಬೆನ್ನು ಬಿಗಿಯಲಿಲ್ಲ. ಕೊರಳ ಪಟ್ಟಿ ಕಿವಿಗೆ ಏರಲಿಲ್ಲ. ಇಷ್ಟು ವರ್ಷ ಒಂದೊಂದು ಅಕ್ಷರಕ್ಕೂ ಅವಳು ಇಡೀ ಅಂಗಿಯನ್ನು ತೋಳಿನಿಂದ ಎತ್ತುತ್ತಿದ್ದಳು. ಇವತ್ತು ಎತ್ತಬೇಕಾದದ್ದು ಕುಂಚ ಒಂದನ್ನೇ. ಕಂಕುಳಿಗೆ ತಾಗುತ್ತದೆ ಎಂದು ಬೈದಿದ್ದಳಲ್ಲ, ಆ ತಾಗುವ ಅಂಚಿನಿಂದಲೇ ತೋಳಿಗೆ ಅಂಗಿಯಿಂದ ಬಿಡುಗಡೆ ಸಿಕ್ಕಿತ್ತು.

ಮೊದಲ ಬಾಗು ಒಂದೇ ಎಳೆತಕ್ಕೆ ಬಂತು. ಎಲ್ಲೂ ನಿಲ್ಲಲಿಲ್ಲ, ನಡುಗಲಿಲ್ಲ.

ಕೈ ಎತ್ತಿ ನೋಡಿ ಅಂದನಲ್ಲ... ಅಷ್ಟೇ ಅಲ್ಲವಾ ಅವನು ಕೇಳಿದ್ದು. ಕೈ ಎತ್ತಿ ದುಡಿಯುವವಳು ಕೈ ಇಳಿಸಿಕೊಂಡು ಕನ್ನಡಿ ನೋಡಿ ತೀರ್ಪು ಕೊಟ್ಟೆನಲ್ಲ. ಅವಳ ಕಣ್ಣು ತುಂಬಿತು.

ಮಧ್ಯಾಹ್ನ ಇಳಿದು ಬಂದಾಗ ಅಪ್ಪ ಅಕ್ಷರದ ಬಗ್ಗೆ ಏನೂ ಹೇಳಲಿಲ್ಲ. "ಬೆಳಗಿನಿಂದ ಒಂದು ಸಲವೂ ಅಂಗಿ ಎಳ್ಕೊಳ್ಳಲಿಲ್ಲ ನೀನು," ಎಂದರು.

ಹತ್ತಿರ ಕರೆದು ಕಂಕುಳ ಕೆಳಗಿನ ಹೊಲಿಗೆಯನ್ನು ಎಡಗೈಯಿಂದ ಮುಟ್ಟಿ ನೋಡಿದರು. ಬಹಳ ಹೊತ್ತು ನೋಡಿದರು.

"ಸಡಿಲ ಇದ್ರೆ ಸುಖ ಅಂದ್ಕೊಂಡು ಜೀವನ ಪೂರ್ತಿ ಎಳ್ಕೊಂಡೇ ಬರೆದೆ ಮಗಳೇ. ಇದು ಯಾರು ಹೊಲಿದಿದ್ದು?"

"ಒಬ್ರು."

"ಆ ಒಬ್ರಿಗೆ ಏನಂದೆ?"

"...ಬೈದು ಬಂದೆ."

"ಅವರ ಅಂಗಿ ಹಾಕ್ಕೊಂಡೇ?"

ಅವಳು ತಲೆ ತಗ್ಗಿಸಿದಳು. ಅಪ್ಪ ನಕ್ಕುಬಿಟ್ಟರು. "ಹೋಗು, ಹೋಗು. ಅಕ್ಷರ ಎಲ್ಲೂ ಓಡಿಹೋಗಲ್ಲ. ಮನುಷ್ಯರು ಹಾಗಲ್ಲ."

*

"ಬಂದ್ಯೇನೇ ಏಣಿ? ಬೆಳಗಿನಿಂದ ಹಾದು ಹೋಗೋರೆಲ್ಲ ನಿಮ್ಮಲ್ಲಿ ಯಾವ ಅಂಗ ಹೊಲೀತೀರಿ ಅಂತ ಕೇಳ್ತಿದ್ದಾರೆ," ಅತ್ತೆ ಬಾಗಿಲಲ್ಲೇ ತಡೆದರು. ಆಮೇಲೆ ದನಿ ತಗ್ಗಿಸಿದರು. "ಒಳಗೆ ಹೋಗಿ ನೋಡು. ನಿನ್ನೆಯಿಂದ ಮಂಕಾಗಿದ್ದಾನೆ."

ಅವನು ಮೇಜಿನ ಮೇಲೆ ಹೊಸ ಬಟ್ಟೆ ಹಾಸಿದ್ದ. ಅದರ ಮೇಲೆ ಅಪ್ಪನ ಅಂಗಿ ಇಟ್ಟು ಸುತ್ತಲೂ ಗುರುತು ಹಾಕಿದ್ದ. ದೊಡ್ಡದಾಗಿ ಕೆಳಗಿಳಿದ ಆರ್ಮ್‌ಹೋಲ್. ಕೈಯಲ್ಲಿ ಕತ್ತರಿ ಇತ್ತು.

ಅವಳನ್ನು ಕಂಡವನೇ ಹೇಳಿದ. "ನೀವು ಕೇಳಿದ ಹಾಗೇ ಕತ್ತರಿಸ್ತಿದ್ದೀನಿ. ಸಂಜೆಗೆ ಕೊಡ್ತೀನಿ. ನಿಮ್ಮ ತಂದೆ ಬಗ್ಗೆ ಹಾಗೆ ಅನ್ಬಾರದಿತ್ತು ನಾನು."

ಸರಿಯಲ್ಲ ಎಂದು ಗೊತ್ತಿದ್ದೂ ಆ ಗೆರೆಯ ಮೇಲೆ, ನನಗಾಗಿ, ಇವನು ಕತ್ತರಿ ಇಡಲು ಹೊರಟಿದ್ದಾನೆ... ಅವಳಿಗೆ ತಡೆಯಲಾಗಲಿಲ್ಲ. ಬಣ್ಣ ಹತ್ತಿದ ಕೈಯನ್ನು ಬಟ್ಟೆಯ ಮೇಲೆ, ಕತ್ತರಿಯ ದಾರಿಗೆ ಅಡ್ಡ ಇಟ್ಟಳು.

"ಬೇಡ. ಕೆಳಗಿಡಿ ಅದನ್ನ."

"ನಿಮಗೆ ಸಡಿಲ ಬೇಕಿತ್ತಲ್ಲ?"

ಅವಳು ನಿನ್ನೆ ನಿಂತ ಕನ್ನಡಿಯ ಮುಂದೆಯೇ ಹೋಗಿ ನಿಂತು ಕೈ ಎತ್ತಿದಳು. ಅಂಗಿ ಕದಲಲಿಲ್ಲ. ಅವನು ಆ ಹೊಲಿಗೆಯನ್ನು ನೋಡಿದ, ಅವಳು ಕನ್ನಡಿಯಲ್ಲಿ ಅವನನ್ನು ನೋಡಿದಳು.

"ಬೆಳಗ್ಗೆ ಒಂದು ಬಾಗು ಎಳೆದೆ," ಎಂದಳು. "ನನ್ನ ಕೈಯಿಂದ ಅಂಥದ್ದು ಯಾವತ್ತೂ ಬಂದಿರ್ಲಿಲ್ಲ. ಅಪ್ಪನೂ ನೋಡಿದ್ರು. ನನ್ನ ಕೈಗೆ ಏನು ಬೇಕು ಅಂತ ನಂಗೇ ಗೊತ್ತಿರ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮನ್ನ ನೋಡ್ತಿದ್ದೆ." ಅವನ ಕಿವಿ ಮತ್ತೆ ಕೆಂಪಗಾಯಿತು. "ಮೊದಮೊದಲು ಭುಜ ನೋಡ್ತಿದ್ದೆ, ಕೆಲಸದ ಅಭ್ಯಾಸ. ಆಮೇಲೆ ಅಕ್ಷರ ನೋಡ್ದೆ. ಬಾಗು ಎಳೀವಾಗ ನೀವು ಉಸಿರು ಹಿಡಿದುಕೊಳ್ತೀರಿ, ನಾನೂ ಹಾಗೇ. ಆಮೇಲೆ ನೀವು ಏಣಿ ಇಳಿದು ಹೋದ್ಮೇಲೂ ನೋಡ್ತಾನೇ ಇದ್ದೆ, ಖಾಲಿ ಗೋಡೆನ. ನೀವಂದ್ರೆ ನಂಗೆ ಇಷ್ಟ. ಇದನ್ನ ಮೊದಲೇ ಹೇಳಿದ್ರೆ, ಅಂಗಿ ವಿಷಯನೂ ಸರಿಯಾಗಿ ಹೇಳೋಕೆ ಬರ್ತಿತ್ತೇನೋ."

ಮಿಷನ್ನಿನ ಸದ್ದು ನಿಂತುಹೋಗಿತ್ತು. ಅತ್ತೆ ಸೂಜಿಗೆ ದಾರ ಪೋಣಿಸುವ ನಾಟಕ ಮಾಡುತ್ತಿದ್ದರು.

ಅವಳು ಕಣ್ಣೊರೆಸಿಕೊಂಡು ಹೊರಗೆ ಹೋದಳು. ಜೊತೆಗೆ ತಂದಿದ್ದ ಏಣಿ ಹಚ್ಚಿ ಹತ್ತಿ, ಕೈ ಎತ್ತಿ, ಬಾಕಿಯಿದ್ದ 'ಡಿ' ಬರೆದಳು. ಅವನು ಏಣಿ ಹಿಡಿದು ಕೆಳಗೆ ನಿಂತಿದ್ದ. ಇಳಿದು ಬಂದಾಗ ಇಬ್ಬರ ನಡುವೆ ಒಂದು ಮೆಟ್ಟಿಲಿನ ಅಂತರ ಇತ್ತು.

"ಅಪ್ಪನಿಗೆ ಬಲಗೈ ಎತ್ತೋಕಾಗಲ್ಲ. ಅವರಿಗೂ ಒಂದು ಅಂಗಿ ಹೊಲಿಸ್ಬೇಕಂತೆ," ಎಂದಳು. ಅಪ್ಪ ಹಾಗೇನೂ ಹೇಳಿರಲಿಲ್ಲ. ಆದರೆ ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು.

"ನಾನೇ ಮನೆಗೆ ಬಂದು ಅಳತೆ ತಗೋತೀನಿ. ಕೈ ಎತ್ತದೇ ಹಾಕ್ಕೊಳ್ಳೋ ಹಾಗೆ ಹೊಲಿದು ಕೊಡ್ತೀನಿ."

"ನಂಗೂ ಇನ್ನೊಂದು ಬೇಕು."

ಅವನು ನಕ್ಕ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಮೊದಲ ಸಲ ಅವಳನ್ನೂ ಕೇಳಿದ. "ಅದನ್ನ ಹಾಕ್ಕೊಂಡು ಕೈಯಲ್ಲಿ ಏನು ಮಾಡ್ತೀರಿ?"

ಅವಳು ಏಣಿಯ ಮೇಲಿದ್ದ ಅವನ ಕೈ ನೋಡಿದಳು. ಮೆಲ್ಲಗೆ ಅದರ ಮೇಲೆ ತನ್ನ ಕೈ ಇಟ್ಟಳು.

"ನಿಮ್ಮ ಕೈ ಹಿಡ್ಕೋತೀನಿ."

ಅವನು ತೀರಾ ಗಂಭೀರವಾಗಿ, ಮಾಸ್ಟರ್ ಆಗಿಯೇ ಹೇಳಿದ.

"ಅದಕ್ಕೆ ಆರ್ಮ್‌ಹೋಲ್ ಹೇಗಿದ್ರೂ ನಡೆಯುತ್ತೆ."