ಕಂಬಳಿಯ ತೂಕ

ಮಾಯಾ ನನ್ನನ್ನು ಸುಳ್ಳುಗಾರ ಅಂದದ್ದು ಜಮಖಂಡಿಯ ಹಾರ್ಟ್ ಕ್ಲಿನಿಕ್ಕಿನಲ್ಲಿ, ಅಪ್ಪನ ಎದುರಿಗೇ. ಬೈಸಿಕೊಂಡ ಅವಮಾನಕ್ಕಿಂತ, ಬೈಯುವಾಗ ಅವಳ ಮೂಗಿನ ತುದಿ ಕೆಂಪಾದದ್ದೇ ತಲೆಯಲ್ಲಿ ಉಳಿಯಿತು. ನನ್ನ ಹಣೆಬರಹ ಅಂಥದ್ದು.

ಅಪ್ಪ ಗಿರಮಲ್ಲಪ್ಪ ನಮ್ಮೂರು ಚಿಮ್ಮಡದಲ್ಲಿ ಹೆಸರು ಮಾಡಿದ ಡೊಳ್ಳಿನವನು. ಹೋದ ವರ್ಷ ಹೃದಯ ಸೋತಿತು. ಕಾಲು ಬಾತವು, ನಾಲ್ಕು ಹೆಜ್ಜೆಗೆ ಏದುಸಿರು. ಡಾಕ್ಟರು ಗುಳಿಗೆ ಶುರು ಮಾಡಿದರು. ಆದರೆ ಅವನ್ನು ಒಮ್ಮೆಲೇ ಪೂರ್ತಿ ಕೊಡುವಂತಿಲ್ಲ. ಬಿಪಿ, ನಾಡಿ, ರಕ್ತದ ಟೆಸ್ಟು ನೋಡಿ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಆ ಕೆಲಸವನ್ನು ಡಾಕ್ಟರು ಒಪ್ಪಿಸಿದ್ದು ಕ್ಲಿನಿಕ್ಕಿನ ಫಾರ್ಮಸಿಸ್ಟ್ ಮಾಯಾಗೆ. ರಬಕವಿಯ ನೇಕಾರರ ಮನೆಯ ಹುಡುಗಿ. ಡೋಸ್ ಪೂರ್ತಿಯಾಗಿ ಹೃದಯ ಗಟ್ಟಿಯಾದರೆ ಅಪ್ಪ ಮತ್ತೆ ಡೊಳ್ಳು ಮುಟ್ಟಬಹುದು. ಇಲ್ಲವಾದರೆ ಅದು ಗೋಡೆಯ ಗೂಟದಲ್ಲೇ.

ದಿನಾ ಮುಂಜಾನೆ ಅಪ್ಪ ಅಂಗಳದಲ್ಲಿ ತೂಕದ ಕಾಟಾ ಹತ್ತಿ ನಿಂತು ತೂಕ ಎಷ್ಟೆಂದು ಕೂಗುತ್ತಿದ್ದ. ನಾನು ಒಳಗೆ ಚಹಾ ಕಾಸುತ್ತ ಅವಳಿಗೆ ಫೋನ್ ಮಾಡುತ್ತಿದ್ದೆ.

"ಇವತ್ತೆಷ್ಟ್ರಿ ಮಾಳು?"

"ನಿನ್ನೆಯಷ್ಟ ಐತ್ರಿ ಮೇಡಂ."

"ಕಾಕಾ ಉಪ್ಪಿನಕಾಯಿ ತಿಂದ್ರೇನು?"

"ಭರಣಿ ಮುಚ್ಚಿಟ್ಟೇನ್ರಿ."

"ನೀವು ಚಹಾ ಕುಡದ್ರಿ?"

ಈ ಕೊನೆಯ ಪ್ರಶ್ನೆಗೂ ಅಪ್ಪನ ಹೃದಯಕ್ಕೂ ಏನು ಸಂಬಂಧ? ಬನಹಟ್ಟಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತ ದಿನವಿಡೀ ಅದನ್ನೇ ಮೆಲುಕು ಹಾಕುತ್ತಿದ್ದೆ.

ಮಳೆಗಾಲ ಬಂತು. ತೂಕ ಒಮ್ಮೆಲೇ ಎರಡು ಕಿಲೋ ಏರಿತು. ಮೈಯಲ್ಲಿ ನೀರು ನಿಂತರೆ ಹೀಗಾಗುತ್ತದೆ, ಆಗ ಡೋಸ್ ಏರಿಸುವಂತಿಲ್ಲ. ಗಾಬರಿಯಾಗಿ ಕ್ಲಿನಿಕ್ಕಿಗೆ ಓಡಿದೆವು. ನೋಡಿದರೆ ಕಾಲು ಬಾತಿಲ್ಲ, ಉಸಿರು ಸರಾಗ, ಅಲ್ಲಿಯ ಕಾಟಾದಲ್ಲಿ ತೂಕವೂ ಮೊದಲಿನಷ್ಟೇ. ಮುಂದಿನ ಸಲವೂ ಇದೇ ಕಥೆಯಾದಾಗ ಆ ಮೂಗು ಕೆಂಪಾಯಿತು.

"ಖರೆ ಹೇಳ್ರಿ. ಇಲ್ಲಿಗಿ ಬರಾಕಂತ ಸುಳ್ಳ ತೂಕ ಹೇಳಾಕತ್ತೀರಿ ಅಲ್ಲ? ನಿಮ್ಮ ಆಟದಾಗ ಕಾಕಾರ ಡೋಸ್ ನಿಂತ ಬಿಟ್ಟೈತಿ."

ತೂಕ ಸುಳ್ಳಲ್ಲ. ಆದರೆ ಬರುವ ಆಸೆ ನನಗಿತ್ತಲ್ಲ, ಅದಕ್ಕೇ ಕಳ್ಳನ ಹಾಗೆ ನೆಲ ನೋಡುತ್ತ ನಿಂತೆ. ಬಸ್ಸು ಹತ್ತಿದ ಮೇಲೆ ಸಿಟ್ಟು ಬಂತು. ಅಪ್ಪನ ಜೀವದ ಜೊತೆ ಆಟ ಆಡುವವನೇ ನಾನು? ಮರುದಿನದಿಂದ ಫೋನಿನಲ್ಲಿ ತೂಕವಷ್ಟೇ ಹೇಳಿ ಕಟ್ ಮಾಡಿದೆ. ಚಹಾದ ಮಾತಿಗೆ ಎಡೆ ಕೊಡಲಿಲ್ಲ.

ಭಾನುವಾರ ಮುಂಜಾನೆ ಜಿಟಿಜಿಟಿ ಮಳೆ. ಅಂಗಳದಲ್ಲಿ ಮಾಯಾ ನಿಂತಿದ್ದಳು. ಚಪ್ಪಲಿ ಕೈಯಲ್ಲಿ, ಕಾಲೆಲ್ಲ ಕೆಸರು, ಹುಬ್ಬಿನ ಮೇಲೆ ಮಳೆಹನಿ. ನನ್ನ ಸಿಟ್ಟು ಅಲ್ಲೇ ಅರ್ಧ ಕರಗಿತು.

"ಇವತ್ತ ಕಾಟಾ ನಾ ನೋಡತೇನ್ರಿ," ಅಂದಳು.

ಅಪ್ಪ ಮನೆದೇವರು ಬೀರಪ್ಪನ ಪೂಜೆ ಮುಗಿಸಿ, ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು, ಕರಿ ಕಂಬಳಿ ಹೊದ್ದು ಮಳೆಯಲ್ಲೇ ಎತ್ತುಗಳಿಗೆ ಮೇವು ಹಾಕಿ ಬಂದ. ಹಾಗೇ ಬಂದು ಕಾಟಾ ಹತ್ತಿದ. ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾಯಾ ಕಂಬಳಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಕಾಕಾ, ದಿನಾ ಇದನ್ನ ಹೊದಕೊಂಡ ತೂಕ ಮಾಡತೀರೇನ್ರಿ?"

"ಬೀರಪ್ಪನ ಒಕ್ಕಲದಾವ ಮಳಿಗಾಲದಾಗ ಕಂಬಳಿ ಬಿಟ್ಟ ಹೊರಗ ಬರತಾನೇನ, ಯವ್ವಾ?"

ಕಂಬಳಿ ಇಳಿಸಿ ಮತ್ತೆ ನಿಲ್ಲಿಸಿದಳು. ಏರಿದ್ದ ತೂಕ ಎಲ್ಲಿ ಹೋಯಿತೋ! ಕ್ಲಿನಿಕ್ಕಿನಲ್ಲಿ ನರ್ಸು ಕಂಬಳಿ ತೆಗೆಸುತ್ತಿದ್ದಳು. ಮನೆಯಲ್ಲಿ ನಾನು ಒಲೆಯ ಮುಂದಿನಿಂದ ಎದ್ದು ಬಂದು ನೋಡಿದವನೇ ಅಲ್ಲ.

ಮಾಯಾ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ನಿಂತ ಮೇಲೆ ನೇರ ನನ್ನ ಕಣ್ಣಿಗೆ ಕಣ್ಣು ಕೊಟ್ಟು, "ನಂದ ತಪ್ಪಾತ್ರಿ," ಅಂದಳು. ಉಳಿದರ್ಧ ಸಿಟ್ಟೂ ಕರಗಿತು. ಅಪ್ಪ ಒಳಗಿನಿಂದ ಬೇರೊಂದು ಒಣ ಕಂಬಳಿ ತಂದು ಹಾಸಿ, ಅವಳನ್ನು ಕೂರಿಸಿದ. ನಮ್ಮಲ್ಲಿ ದೊಡ್ಡವರಿಗೆ ಮಾತ್ರ ಹಾಸುವ ಕಂಬಳಿ ಅದು.

ಅಂದಿನಿಂದ ಎದ್ದ ಕೂಡಲೇ, ಬರೀ ಧೋತರದಲ್ಲಿ ತೂಕ. ಡೋಸ್ ಏರತೊಡಗಿತು. ಒಮ್ಮೆ ಅಪ್ಪನಿಗೆ ತಲೆ ತಿರುಗಿ ಬಿಪಿ ಇಳಿದಾಗ ಮಾಯಾ ಡೋಸನ್ನು ಒಂದು ಮೆಟ್ಟಿಲು ಇಳಿಸಿದಳು, ಕಾದಳು, ಮತ್ತೆ ಏರಿಸಿದಳು. ದೀಪಾವಳಿಯ ಹೊತ್ತಿಗೆ ಡೋಸ್ ಪೂರ್ತಿಯಾಯಿತು. ಸ್ಕ್ಯಾನ್ ನೋಡಿದ ಡಾಕ್ಟರು ಅಪ್ಪನ ಬೆನ್ನು ತಟ್ಟಿ, "ಸಾವಕಾಶ ಬಾರಸ್ರಿ," ಅಂದರು.

ಮಾಯಾ ನನ್ನ ಕಡೆ ತಿರುಗಿದಳು. "ಇನ್ನ ದಿನಾ ಫೋನ್ ಬ್ಯಾಡ್ರಿ. ತೂಕ ಏರಿದ್ರ ಅಷ್ಟ ಮಾಡ್ರಿ."

ಅಪ್ಪ ಗೆದ್ದಿದ್ದ. ನನಗೆ ಮಾತ್ರ ಮುಂಜಾನೆಗಳೆಲ್ಲ ಕಳೆದುಹೋದ ಹಾಗಾಯಿತು.

ಅಪ್ಪ ಡೊಳ್ಳು ಹೆಗಲಿಗೇರಿಸಿದ ದಿನ ಬೀರಪ್ಪನ ಗುಡಿಗೆ ಮಾಯಾ ಬಂದಳು. ಮೊದಲ ಪೆಟ್ಟು ಬಿತ್ತು. ಅವಳ ಕಣ್ಣು ಅಪ್ಪನ ಎದೆಯ ಏರಿಳಿತದ ಮೇಲೇ ಇತ್ತು. ಉಸಿರು ಕಟ್ಟಲಿಲ್ಲ, ಕೈ ಸೋಲಲಿಲ್ಲ. ಊರಿಗೆ ಊರೇ ಕೇಳುವ ಹಾಗೆ ಬಾರಿಸಿದ. ನಾನು ನಾಚಿಕೆಯಿಲ್ಲದೆ ಅತ್ತೆ.

"ಅವತ್ತ ತೂಕ ಸುಳ್ಳಿರಲಿಲ್ಲರಿ," ಅಂದೆ ಅವಳ ಪಕ್ಕ ನಿಂತು. "ಆದ್ರ ನಿಮ್ಮನ್ನ ನೋಡಾಕ ಬರೂ ಆಸೆ ಇತ್ತು. ಅದು ಖರೆ."

"ಗೊತ್ತಿತ್ತು." ಅವಳು ಡೊಳ್ಳಿನ ಕಡೆಯೇ ನೋಡುತ್ತಿದ್ದಳು. "ಕಾಟಾದ್ದೊಂದ ಫೋಟೋ ಕಳಸ್ರಿ ಅಂತ ನಾ ಅಂದಿದ್ರ ಸಾಕಿತ್ತು. ಆ ಮಳಿಯಾಗ ನಾ ಬಸ್ ಹತ್ತಿ ಯಾಕ ಬಂದೆ, ಒಮ್ಮೆರ ವಿಚಾರ ಮಾಡೀರೇನು?"

ನಾನು ಮಾಡಿರಲಿಲ್ಲ. ಈಗ ಮಾಡಿದೆ. ಅವಳ ಮೂಗಿನ ತುದಿ ಮತ್ತೆ ಕೆಂಪಾಗಿತ್ತು, ಈ ಸಲ ಸಿಟ್ಟಿಗಲ್ಲ.

ಅಪ್ಪ ಡೊಳ್ಳು ಇಳಿಸಿ, ನಮ್ಮಿಬ್ಬರನ್ನೂ ನೋಡಿ, ಗುಡಿಯ ಕಟ್ಟೆಯ ಮೇಲೆ ಕಂಬಳಿ ಬಿಚ್ಚಿ ಹಾಸಿದ.

"ಲೇ ಮಾಳ್ಯಾ, ನಿಂತೀ ಯಾಕ? ಆಕಿನ್ನ ಕರಕೊಂಡ ಬಾ. ಇಬ್ಬರೂ ಕೂಡ್ರಿ."