ಹುಬ್ಬಿನಲ್ಲಿ ಹೇಳಿದ ಹೂಂ

ತಿಮಿಂಗಿಲ ತೋರಿಸುವ ದೋಣಿಯಲ್ಲಿ ಲೈಫ್ ಜಾಕೆಟ್ ಹಂಚುತ್ತಿದ್ದ ಪಿಪಾಲುಕ್ ಕೊನೆಯವನ ಮುಂದೆ ಬಂದು ತಲೆಯೆತ್ತಿದಳು.

ಸಾಲಿಕ್!

ಅದೇ ಕಣ್ಣು, ಅದೇ ಒರಟು ಕೂದಲು. ಆದರೆ ಕೈಯಲ್ಲಿ ಟೂರಿಸ್ಟುಗಳ ಟಿಕೆಟ್ಟು!

"ಹುಟ್ಟಿದೂರು ನೋಡೋಕೆ ಟಿಕೆಟ್ ತಗೊಂಡು ಬಂದ್ಯಾ?"

"ಮನೆ ಬಾಗಿಲು ತಟ್ದೆ, ನೀನು ತೆಗೀಲಿಲ್ಲ. ಟಿಕೆಟ್ ಇದ್ದೋನನ್ನ ದೋಣಿಯಿಂದ ತಳ್ಳೋಕಾಗಲ್ವಲ್ಲ ಪಿಪಾ..."

"ತಳ್ತೀನಿ. ನೀರು ಎಷ್ಟು ತಣ್ಣಗಿದೆ ಅಂತ ನಿಂಗೂ ಗೊತ್ತಾಗ್ಲಿ!"

ಮೇಲಿನ ಚುಕ್ಕಾಣಿ ಕೋಣೆಯಿಂದ ದೋಣಿ ನಡೆಸುವ ಯೆನ್ಸ್ ಮಾಮ ಕೂಗಿದ. "ಏ ಹುಡ್ಗೀ! ಜಗಳ ಆಮೇಲೆ ಆಡು, ಮೊದ್ಲು ಹಗ್ಗ ಬಿಚ್ಚು!"

ದೋಣಿ ಉತ್ತರದ ಹಿಮನಾಡಿನ ಊರಾದ ಇಲುಲಿಸ್ಸಾತಿನ ಬಂದರು ಬಿಟ್ಟಿತು. ಹಿಮನದಿಯಿಂದ ಕಳಚಿಕೊಂಡು ಬಂದ ಮಂಜಿನ ಗುಡ್ಡಗಳು ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತಿದ್ದವು. ಪಿಪಾಲುಕ್‌ಗೆ ಒಂದೂ ಕಾಣಲಿಲ್ಲ. ಬೆನ್ನ ಹಿಂದೆ ಅವನಿದ್ದಾನೆ... ಅಷ್ಟೇ ಗೊತ್ತು.

'ಯಾಕೆ ಬಂದ? ಮರೆತೆ ಅಂದುಕೊಂಡಾಗಲೇ ಬರಬೇಕಿತ್ತಾ?'

ಟೂರಿಸ್ಟ್ ಹೆಂಗಸೊಬ್ಬಳು ಅವಳ ತೋಳು ಮುಟ್ಟಿದಳು. "ಇವತ್ತು ತಿಮಿಂಗಿಲ ಕಾಣ್ಸುತ್ತೇನಮ್ಮಾ?"

ಪಿಪಾಲುಕ್ ಹುಬ್ಬೇರಿಸಿದಳು.

"ಅಯ್ಯೋ, ಅದ್ರಲ್ಲಿ ಆಶ್ಚರ್ಯ ಪಡೋದೇನಿದೆ?"

ಯೆನ್ಸ್ ಮಾಮ ಹೊಟ್ಟೆ ಕುಣಿಸುತ್ತ ನಕ್ಕ. "ಆಶ್ಚರ್ಯ ಅಲ್ಲಮ್ಮಾ! ನಮ್ಮೂರಲ್ಲಿ ಹುಬ್ಬು ಮೇಲೆ ಹೋದ್ರೆ ಹೂಂ, ಮೂಗು ಸುಕ್ಕಾದ್ರೆ ಊಹೂಂ. ಈ ಚಳೀಲಿ ಸುಮ್‌ಸುಮ್ನೆ ಬಾಯಿ ಯಾರು ತೆಗೀತಾರೆ? ನನ್ನ ಹೆಂಡ್ತಿ ಒಬ್ಳನ್ನ ಬಿಟ್ಟು!"

ಅಷ್ಟರಲ್ಲಿ ಎಡಗಡೆ ಬುಸ್ಸೆಂದು ನೀರು ಚಿಮ್ಮಿತು. ಕಪ್ಪು ಬೆನ್ನೊಂದು ಮೇಲೆದ್ದಿತು. ಜನರೆಲ್ಲ ಕ್ಯಾಮೆರಾ ಹಿಡಿದು ಆ ಕಡೆ ಓಡಿದರು.

ಬಲಗಡೆ ಉಳಿದವರು ಅವರಿಬ್ಬರೇ.

"ನಾಳೆ ವಿಮಾನಕ್ಕೆ ಡೆನ್ಮಾರ್ಕಿಗೆ ವಾಪಸ್ ಹೋಗ್ತಿದೀನಿ," ಎಂದ ಸಾಲಿಕ್. "ಹಡಗಲ್ಲಿ ಕಾಯಂ ಕೆಲಸ ಸಿಕ್ಕಿದೆ. ಹೋಗೋ ಮುಂಚೆ ಒಂದೇ ಒಂದು ಮಾತು... ಅವತ್ತು ಯಾಕೆ ಹಂಗ್ ಮಾಡ್ದೆ?"

"ನಾನಾ?" ಅವಳ ದನಿ ಒಡೆಯಿತು. "ನಾನೇನು ಮಾಡ್ದೆ? ನೀನು ಬರ್ತೀಯ ಅಂತ ಪ್ರತಿ ಹಡಗಿಗೂ ಬಂದರಿಗೆ ಓಡಿ ಬರ್ತಿದ್ದೆ ಕಣೋ! ನೀನು ಬರ್ಲಿಲ್ಲ. ನಿನ್ನ ಅಣ್ಣ ಬಂದು, 'ಸಾಲಿಕ್ ತನ್ನ ಗಾಡಿ ನಾಯಿಗಳನ್ನೆಲ್ಲ ಬೇರೆಯವ್ರಿಗೆ ಕೊಟ್ಬಿಡು ಅಂದಿದಾನೆ' ಅಂದ. ನಾಯಿ ಕೊಟ್ಟೋನು ಊರಿಗೆ ಬರ್ತಾನಾ? ಅವತ್ತೇ ಸತ್ತೋದೆ ನಾನು!"

"ಇನ್ನೇನು ಮಾಡ್ಲಿ? ಫೋನ್ ಮಾಡಿ ಕೇಳ್ದೆ. 'ಓದು ಬಿಟ್ಟು ವಾಪಸ್ ಬರ್ಲಾ? ನನ್ನ ಮದುವೆ ಆಗ್ತೀಯಾ?' ಅಂತ. ನೀನು ಒಂದಕ್ಷರ ಮಾತಾಡ್ಲಿಲ್ಲ! ಎಷ್ಟೊತ್ತು ಕಾದೆ ಗೊತ್ತಾ? ಬರೀ ನಿನ್ನ ಉಸಿರು ಕೇಳಿಸ್ತಿತ್ತು. ಆಮೇಲೆ ಲೈನ್ ಹೋಯ್ತು."

"ಸುಳ್ಳು! ನಾನು ಹೂಂ ಅಂದೆ!"

"ಎಲ್ಲಿ ಅಂದೆ?"

"ಅಂದೆ ಕಣೋ! ಅಳು ಬರ್ತಿತ್ತು, ಗಂಟಲು ಕಟ್ಟಿತ್ತು, ಆದ್ರೂ ನಾನು... ಹಿಂಗೆ..."

ಹುಬ್ಬೇರಿಸಿದಳು.

ಹಾಗೇ ನಿಂತುಬಿಟ್ಟಳು.

'ಫೋನಿನಲ್ಲಿ... ಅಯ್ಯೋ... ಫೋನಿನಲ್ಲಿ!'

ಸಾಲಿಕ್‌ನ ಮುಖ ಬಿಳಿಚಿಕೊಂಡಿತು. ಅವನು ದೋಣಿಯ ಅಂಚಿನ ಕಂಬಿ ಹಿಡಿದುಕೊಂಡ. ನಗಬೇಕೋ ಅಳಬೇಕೋ ಅವನಿಗೇ ತಿಳಿಯಲಿಲ್ಲ. ಮೂರು ಚಳಿಗಾಲ! ಪರದೇಶದ ಬಾಡಿಗೆ ಕೋಣೆಯಲ್ಲಿ ಗೋಡೆ ನೋಡುತ್ತ ಕಳೆದ ಮೂರು ಚಳಿಗಾಲ... ಅವನು ನೋಡಲಾಗದ ಎರಡು ಹುಬ್ಬುಗಳಿಗಾಗಿ!

"ಸಿಕು ಎಲ್ಲಿದಾಳೆ?" ಕೊನೆಗೆ ಕೇಳಿದ. ಸಿಕು ಅವನ ಹಿಮಗಾಡಿ ಎಳೆಯುತ್ತಿದ್ದ ನಾಯಿಗಳಲ್ಲಿ ಮುಂದಾಳು.

"ಅವಳೊಬ್ಬಳನ್ನ ನಾನು ಬಿಟ್ಟುಕೊಡ್ಲಿಲ್ಲ." ಪಿಪಾಲುಕ್ ನೀರು ನೋಡುತ್ತ ಹೇಳಿದಳು. "ನನ್ನ ಜೊತೆ ಬಂದರಿಗೆ ಬರ್ತಿದ್ಲು. ಇಳಿಯೋರ ಬೂಟೆಲ್ಲ ಮೂಸ್ತಿದ್ಲು. ಹೋದ ಚಳಿಗಾಲದಲ್ಲಿ... ವಯಸ್ಸಾಗಿತ್ತಲ್ಲ."

ಅವನ ಭುಜ ಕುಸಿಯಿತು. ಬಾಯಿಗೆ ಕೈ ಅಡ್ಡ ಇಟ್ಟು ಬಿಕ್ಕಿದ. ಅವಳು ಮುಟ್ಟಲು ಕೈ ಚಾಚಿ ಹಿಂದಕ್ಕೆಳೆದುಕೊಂಡಳು. ಯಾವುದಕ್ಕೆಂದು ಸಮಾಧಾನ ಮಾಡುವುದು? ಹೋದ ದಿನಗಳಿಗೇ? ಹೋದ ಸಿಕುವಿಗೇ?

ತಿಮಿಂಗಿಲ ಬಾಲ ಎತ್ತಿ ಮುಳುಗಿತು. ಜನ ಚಪ್ಪಾಳೆ ತಟ್ಟಿದರು. ಯೆನ್ಸ್ ಮಾಮ ಮೇಲಿನಿಂದ ಇವರಿಬ್ಬರನ್ನೂ ನೋಡಿದ. ಮೊದಲ ಸಲ ತಮಾಷೆ ಮಾಡದೆ ದೋಣಿ ತಿರುಗಿಸಿದ.

ಬಂದರು ಕಾಣಿಸಿತು. ಬಣ್ಣಬಣ್ಣದ ಮನೆಗಳು, ನಾಯಿಗಳ ಊಳು. ಸಾಲಿಕ್ ದೋಣಿಯ ಮುಂತುದಿಯವರೆಗೆ ನಡೆದು, ಅವಳಿಗೆ ಬೆನ್ನು ಹಾಕಿ ನಿಂತ.

'ಹೋಗ್ತಾನೆ. ಈ ಸಲವೂ ಹೋಗ್ತಾನೆ...'

ಅವಳ ಜೇಬಿನಲ್ಲಿ ಫೋನು ನಡುಗಿತು.

"ಪಿಪಾ," ಕಿವಿಯಲ್ಲಿ ಅವನ ದನಿ. ಎದುರಿಗೆ ಅವನ ಬೆನ್ನು. "ಹಡಗಿನ ಕೆಲಸ ಬಿಟ್ಬಿಡ್ತೀನಿ. ವಾಪಸ್ ಬರ್ಲಾ?"

ಅವಳ ಹುಬ್ಬು ತಾನಾಗಿ ಮೇಲೇರಿತು. ಕಣ್ಣೀರು ಇಳಿಯಿತು. ಗಂಟಲು ಮತ್ತೆ ಕಟ್ಟಿತು... ಹಲ್ಲು ಕಚ್ಚಿ, ಉಸಿರೆಳೆದುಕೊಂಡು, ದೋಣಿಯೆಲ್ಲ ತಿರುಗಿ ನೋಡುವಂತೆ ಕೂಗಿದಳು.

"ಹೂಂ! ಹೂಂ ಕಣೋ! ಬಾ!"

ಫೋನಿನಲ್ಲಿ ಮೌನ.

"ಸಾಲಿಕ್... ಇನ್ಮೇಲೆ ನನ್ನ ಬಿಟ್ಟು ಹೋಗಲ್ಲ ತಾನೇ?"

ಮತ್ತೆ ಮೌನ. ಬರೀ ಉಸಿರು.

"ಬಾಯಿ ಬಿಟ್ಟು ಹೇಳೋ!"

ಅವನು ಮೆಲ್ಲಗೆ ತಿರುಗಿದ. ಕೆನ್ನೆಯೆಲ್ಲ ಒದ್ದೆ. ಎರಡೂ ಹುಬ್ಬು ಹಣೆಯ ಮೇಲೇರಿ ಕೂತಿದ್ದವು.

"ಆಗಿಂದ ಹೇಳ್ತಾನೇ ಇದೀನಲ್ಲೇ..."