ಹಪ್ಪಳದ ಪಕ್ಕ ಒಣಗಿದ ಅಕ್ಷರಗಳು

"ಮೌಸ್ ಬಿಡಿ ಸಾರ್."

ಕಂಪ್ಯೂಟರ್ ಕೊಠಡಿಯಲ್ಲಿ ಕೂತಿದ್ದ ಶಿಕ್ಷಕರೆಲ್ಲ ಒಮ್ಮೆಗೇ ತಿರುಗಿ ನೋಡಿದರು.

ಮಹಾದೇವಿಯ ಕೈಯಿಂದ ಮೌಸ್ ತೆಗೆದುಕೊಂಡು, 'ಹೀಗೆ ಮೇಡಂ, ಹೀಗೆ' ಎಂದು ತಾನೇ ಟಕಟಕ ಒತ್ತುತ್ತಿದ್ದ ದೇವರಾಜ್‌ನ ಬೆರಳು ಅಲ್ಲೇ ನಿಂತಿತು.

"ಅಲ್ಲ ಮೇಡಂ, ಬೇಗ ಆಗಲಿ ಅಂತ..."

"ನಿಮಗೆ ಬೇಗ ಆಗುತ್ತೆ. ನನಗೆ ಬರಬೇಕಲ್ಲ? ನನ್ನ ಕೈ ಮಾಡಬೇಕಾದ ಕೆಲಸಾನ ನಿಮ್ಮ ಕೈ ಮಾಡಿದ್ರೆ, ನಾಳೆ ಮಕ್ಕಳ ಮುಂದೆ ಯಾರ ಕೈ ಹಿಡ್ಕೊಂಡು ಹೋಗಲಿ?"

ಮಾತು ಮುಗಿದ ಮೇಲೆ ಅವಳಿಗೇ ಗಾಬರಿಯಾಯಿತು. ಅಯ್ಯೋ... ಏನಂದುಬಿಟ್ಟೆ! ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ದೇವರಾಜ್ ಮಾತ್ರ ನಗಲಿಲ್ಲ. ಮೌಸನ್ನು ಮೆಲ್ಲಗೆ ಅವಳ ಮುಂದಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಸರಿ ಟೀಚರ್. ಇವತ್ತಿಂದ ಬಾಯಲ್ಲಿ ಮಾತ್ರ ಹೇಳ್ತೀನಿ."

ಆ ದಿನ ಅವಳು ತನ್ನ ಹೆಸರನ್ನು ಪರದೆಯ ಮೇಲೆ ಮೂಡಿಸುವಷ್ಟರಲ್ಲಿ ಕೈ ಬೆವೆತುಹೋಗಿತ್ತು. ಅವನು ಒಂದು ಸಲವೂ ಮುಟ್ಟಲಿಲ್ಲ. ಅವಳ ಎದೆ ಹೊಡೆದುಕೊಂಡಿದ್ದು ಕಂಪ್ಯೂಟರಿಗೋ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದವನಿಗೋ... ಅವಳಿಗೆ ಆಗ ತಿಳಿಯಲಿಲ್ಲ.

ಅದು ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಬೆನ್ನಿಗಿದ್ದ ಸರ್ಕಾರಿ ಶಾಲೆ. ಗೋಡೆಯಾಚೆ ಲೇತ್ ಮಷಿನ್ನಿನ ಕಿರುಚಾಟ, ಈಚೆ ಮಗ್ಗಿಯ ಕೂಗು. ಎರಡು ವರ್ಷದ ಹಿಂದೆ ಸರ್ಕಾರ ಶಾಲೆಗೆ ಎಂಟು ಕಂಪ್ಯೂಟರ್ ಕೊಟ್ಟಿತ್ತು. ಹೆಡ್ ಮಾಸ್ಟರ್ ನರಸಪ್ಪನವರು ಅವಕ್ಕೆ ಪ್ಲಾಸ್ಟಿಕ್ ಹೊದಿಸಿ, ಕೊಠಡಿಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಏನಾದರೂ ಕೆಟ್ಟರೆ ತಮ್ಮ ಪಿಂಚಣಿಗೇ ಕುತ್ತು ಎಂಬ ಭಯ ಅವರಿಗೆ. ಮಕ್ಕಳು ಕಿಟಕಿಯ ಸರಳಿಗೆ ಮೂಗೊತ್ತಿ ನೋಡುವುದಷ್ಟೇ.

ಇನ್ನು ಹೀಗೆ ಬಿಡಲಾಗದು ಎಂದು ಇಲಾಖೆ ಎಚ್ಚರಿಸಿತ್ತು. ದಸರಾ ರಜೆ ಮುಗಿದ ದಿನ ಅಧಿಕಾರಿ ಬಂದು ನೋಡುತ್ತಾರೆ. ಶಾಲೆಯ ಶಿಕ್ಷಕರೇ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಪಾಠ ಮಾಡಿದರೆ ಯಂತ್ರಗಳು ಉಳಿಯುತ್ತವೆ. ಇಲ್ಲದಿದ್ದರೆ ಬೇರೆ ಶಾಲೆಗೆ ಹೋಗುತ್ತವೆ. ಶಿಕ್ಷಕರನ್ನು ತಯಾರು ಮಾಡಲು ಒಂದು ಸಂಸ್ಥೆ ಕಳಿಸಿದ ತರಬೇತುದಾರನೇ ದೇವರಾಜ್.

ಪಾಠ ಯಾರು ಮಾಡುವುದು ಎಂಬ ಮಾತು ಬಂದಾಗ ಹಿರಿಯರೆಲ್ಲ ನೆಲ ನೋಡಿದರು. ಕೊನೆಗೆ ಎಲ್ಲರ ಕಣ್ಣೂ ಮಹಾದೇವಿಯ ಮೇಲೆ ಬಿತ್ತು.

ಅವಳಿಗೆ ನಿದ್ದೆ ಹಾರಿತು. ಲಿಂಗಸುಗೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ತಂದೆ ತಾಯಿಯ ಮಗಳು ಅವಳು. ಹಗಲು ಗಾರ್ಮೆಂಟ್ಸ್‌ನಲ್ಲಿ ಹೊಲಿದು, ಸಂಜೆ ಕಾಲೇಜಿನಲ್ಲಿ ಓದಿ, ಆಮೇಲೆ ಡಿ.ಎಡ್. ಮಾಡಿ ಟೀಚರ್ ಆದವಳು. ತರಗತಿಯಲ್ಲಿ ಸೀಮೆಸುಣ್ಣ ಹಿಡಿಯುವ ಮೊದಲು ಪಾಠವನ್ನು ಮನೆಯಲ್ಲಿ ನಾಲ್ಕು ಸಲ ಹೇಳಿಕೊಳ್ಳುವವಳು. ನನ್ನಿಂದಾಗಿ ಕಂಪ್ಯೂಟರ್‌ಗಳು ಮಕ್ಕಳ ಕೈ ತಪ್ಪಿಹೋದರೆ...?

ಸಂಜೆ ಶಾಲೆ ಬಿಟ್ಟ ಮೇಲೆ ಅಭ್ಯಾಸ ನಡೆಯಿತು. ದೇವರಾಜ್ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದ. ಅವಳು ತಪ್ಪಿದರೆ ಅವನ ಭುಜ ಅಲುಗುತ್ತಿತ್ತು, ಆದರೆ ಕೈ ಮುಂದೆ ಬರುತ್ತಿರಲಿಲ್ಲ. ಕನ್ನಡದ ಒತ್ತಕ್ಷರ ಮೂಡಿದ ದಿನ ಇಬ್ಬರೂ ಒಟ್ಟಿಗೆ ನಕ್ಕರು. ಅಡುಗೆಯ ಚಿಕ್ಕಮುನಿಯಮ್ಮ ಬಾಗಿಲಲ್ಲಿ ಇಣುಕಿ, ಲೆಕ್ಕದ ಮೆಷಿನ್ನಿಗೆ ಇಷ್ಟೊಂದು ನಗು ಯಾಕೋ ಕಾಣೆ ಎಂದು ಗೊಣಗಿ ಹೋದಳು.

ಒಂದು ಸಂಜೆ ಮಹಾದೇವಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ನಾನು ಪೂರ್ತಿ ಕಲಿತ ದಿನ ಇವರ ಕೆಲಸ ಮುಗಿಯುತ್ತೆ. ಮುಗಿದರೆ... ಇನ್ನೊಂದು ಶಾಲೆ, ಇನ್ನೊಬ್ಬ ಟೀಚರ್.

ಮಾರನೆಯ ದಿನ ಬರೆದದ್ದನ್ನು ಸೇವ್ ಮಾಡುವುದು ಹೇಗೆಂದು ಮರೆತೆ ಎಂದಳು.

"ನಿನ್ನೆ ಮಾಡಿದ್ರಲ್ಲ ಟೀಚರ್?"

"ನಿನ್ನೆದು ನಿನ್ನೆಗೆ."

ಅವನು ಅವಳನ್ನೇ ನೋಡಿದ. ಆಮೇಲೆ ಮೊದಲಿನಿಂದ, ಬಹಳ ನಿಧಾನವಾಗಿ ಹೇಳಿಕೊಟ್ಟ. ಅಷ್ಟು ನಿಧಾನ ಬೇಕಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ರಜೆಗೆ ಮುಂಚಿನ ಕೊನೆಯ ದಿನ ಶಾಲೆಯಲ್ಲಿ ಆಯುಧಪೂಜೆ. ಗೋಡೆಯಾಚೆಯ ಕಾರ್ಖಾನೆಗಳಲ್ಲೆಲ್ಲ ಯಂತ್ರ ತೊಳೆದು ಬಾಳೆಕಂದು ಕಟ್ಟುತ್ತಿದ್ದರು. ಮಹಾದೇವಿ ನರಸಪ್ಪನವರನ್ನು ಕಾಡಿ ಬೇಡಿ ಕೀಲಿ ತಂದಳು. ಕಂಪ್ಯೂಟರ್‌ಗಳನ್ನು ಪೂಜೆಗೆ ಸಿದ್ಧ ಮಾಡಿ ಎಂದು ಏಳನೇ ತರಗತಿಯ ಮಕ್ಕಳ ಕೈಗೆ ಕೊಠಡಿ ಒಪ್ಪಿಸಿ, ಹೂವು ತರಲು ಹೋದಳು. ಮಕ್ಕಳನ್ನು ನಂಬಿ ಕೀಲಿ ಕೊಟ್ಟದ್ದು ಆ ಶಾಲೆಯಲ್ಲಿ ಅದೇ ಮೊದಲು.

ಅವಳು ಹೂವಿನೊಂದಿಗೆ ಮರಳಿದಾಗ ದೇವರಾಜ್ ಬೋರ್‌ವೆಲ್ ನಲ್ಲಿಯ ಮುಂದೆ ಕಂಬದಂತೆ ನಿಂತಿದ್ದ.

ಕಟ್ಟೆಯ ಮೇಲೆ ಎಂಟೂ ಕೀಬೋರ್ಡ್ ಸಾಲಾಗಿ ಒರಗಿದ್ದವು. ಪ್ರತಿಯೊಂದಕ್ಕೂ ಅರಿಶಿನ, ಕುಂಕುಮ. ಪ್ರತಿಯೊಂದರಿಂದಲೂ ತೊಟತೊಟ ನೀರು. ಪಕ್ಕದಲ್ಲಿ ಸೋಪಿನ ಪುಡಿಯ ಬಕೆಟ್ಟು, ತೆಂಗಿನ ನಾರು.

ಒಬ್ಬ ಹುಡುಗಿ ಹೆಮ್ಮೆಯಿಂದ ಮುಂದೆ ಬಂದಳು. "ಸಕ್ಕತ್ ಕೊಳೆ ಇತ್ತು ಸಾರ್. ನಮ್ಮಪ್ಪ ಫ್ಯಾಕ್ಟ್ರೀಲಿ ಲೇತ್ ಮಷಿನ್ನ ಇಂಗೇ ತೊಳೀತಾರೆ. ಟೀವಿ ಭಾರ ಇತ್ತು, ಅದಕ್ಕೇ ಬಿಟ್ವಿ."

ನರಸಪ್ಪನವರು ಮೆಟ್ಟಿಲ ಮೇಲೆ ಕುಸಿದು ಕೂತರು. ಪಿಂಚಣಿ ಹೋಯ್ತು, ಶಾಲೆ ಮರ್ಯಾದೆ ಹೋಯ್ತು ಎಂದು ತಲೆ ಚಚ್ಚಿಕೊಂಡರು. ಮಕ್ಕಳ ಮುಖ ಒಂದೊಂದಾಗಿ ಬಾಡಿತು. ಕೀಲಿ ಕೊಟ್ಟವಳು ನಾನು, ತಪ್ಪು ನನ್ನದು ಎಂದು ಮಹಾದೇವಿ ಹೇಳುತ್ತಲೇ ಇದ್ದಳು.

ದೇವರಾಜ್ ಒಂದು ಮಾತೂ ಆಡಲಿಲ್ಲ. ಅಡುಗೆಮನೆಯಿಂದ ಅಕ್ಕಿಚೀಲ ತಂದು ಎಲ್ಲವನ್ನೂ ತುಂಬಿದ, ಬೈಕಿಗೆ ಕಟ್ಟಿದ, ಹೊರಟ. ಅವಳತ್ತ ತಿರುಗಿಯೂ ನೋಡಲಿಲ್ಲ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು... ಆ ಮೌನ!

ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಹಬ್ಬ ಕಳೆಯಿತು, ಅವನಿಂದ ಸುದ್ದಿಯಿಲ್ಲ. ಯಂತ್ರ ಮುಟ್ಟೋ ಯೋಗ್ಯತೆ ಇವರಿಗಿಲ್ಲ ಅಂತ ಸಂಸ್ಥೆಗೆ ಹೇಳಿ ಕೈ ತೊಳ್ಕೊಂಡಿರಬೇಕು. ನನ್ನ ಬಗ್ಗೆಯೂ ಹಾಗೇ ಅಂದ್ಕೊಂಡಿರಬೇಕು. ಅಷ್ಟು ದಿನದ ಆ ನಗು, ಆ ನಿಧಾನ... ಎಲ್ಲಾ ಸುಳ್ಳಾ?

ಅವಳು ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ತಾಯಿ ರುಕ್ಮವ್ವ ನೋಡಿದಳು. ಎಲ್ಲ ಕೇಳಿಸಿಕೊಂಡಳು.

"ಅಲ್ಲವ್ವಾ, ಅಂವ ಏನೂ ಅಂದಿಲ್ಲಂತಿ. ಅಂದಿಲ್ಲದ ಮಾತಿಗೆ ನೀನ ಅಳಾಕತ್ತಿ. ಮನಿ ಗೊತ್ತೈತಿಲ್ಲ? ಹೋಗಿ ಮಾರಿ ನೋಡಿ ಕೇಳು. ಕೇಳಿದ್ರ ಬಾಯಿ ಸವೆಯೂದಿಲ್ಲ."

ಕುಂದಲಹಳ್ಳಿಯ ಹಳೇ ಊರಿನ ಓಣಿಯಲ್ಲಿ ದೇವರಾಜ್‌ನ ಮನೆ. ಒಂದು ಕಾಲದಲ್ಲಿ ರಾಗಿ ಬೆಳೆದ ಜಾಗದಲ್ಲಿ ಈಗ ಸಾಲು ಬಾಡಿಗೆ ರೂಮುಗಳು. ಮಹಾದೇವಿಯ ಕಾಲು ಗೇಟಿನಲ್ಲೇ ತಡವರಿಸಿತು. ನಾವು ಇಂಥ ರೂಮಲ್ಲಿರೋರು. ಇವರು ಇದರ ಮಾಲೀಕರು...

ಮಹಡಿಯ ಮೇಲಿಂದ ಒಂದು ಗಟ್ಟಿ ದನಿ ಕೇಳಿತು. "ಯಾರವ್ವ ಅದು? ಖಾಲಿ ರೂಮ್ ಇಲ್ಲ."

"ರೂಮಿಗಲ್ಲ ಅಮ್ಮ... ನಾನು ಸ್ಕೂಲಿಂದ..."

"ಓ, ಕೀಬೋಲ್ಡು ತೊಳೆದೋರಾ? ಬಾ ಬಾ. ನಿನ್ನಿಂದ ನನ್ನ ಹಪ್ಪಳಕ್ಕೆ ಜಾಗ ಇಲ್ದಂಗಾಗದೆ."

ಅವಳು ಮೆಟ್ಟಿಲು ಹತ್ತಿದಳು. ಹತ್ತಿ, ಅಲ್ಲೇ ನಿಂತುಬಿಟ್ಟಳು.

ಬಿಸಿಲು ಮಹಡಿಯ ಒಂದು ಬದಿಯಲ್ಲಿ ಹಳೇ ಸೀರೆಯ ಮೇಲೆ ದೇವರಾಜ್‌ನ ತಾಯಿ ಭದ್ರಮ್ಮನ ಅಕ್ಕಿ ಹಪ್ಪಳ. ಅದರ ಪಕ್ಕದಲ್ಲೇ ಮೊರ, ತಟ್ಟೆ, ಜರಡಿ ತುಂಬ ಕೀಬೋರ್ಡಿನಿಂದ ಕಿತ್ತ, ಕನ್ನಡ ಅಕ್ಷರವೂ ಅಚ್ಚಾಗಿದ್ದ ಗುಂಡಿಗಳು ಒಣಗುತ್ತಿದ್ದವು. ಬಿಚ್ಚಿದ ತಗಡು, ರಬ್ಬರು, ತೆಳುವಾದ ಹಾಳೆಗಳು ಇನ್ನೊಂದು ಸೀರೆಯ ಮೇಲೆ. ನಡುವೆ ಸ್ಕ್ರೂಡ್ರೈವರ್ ಹಿಡಿದು ದೇವರಾಜ್. ಗಡ್ಡ ಬೆಳೆದಿತ್ತು, ಬೆರಳು ಸುಲಿದಿತ್ತು.

"ಟೀಚರ್..." ಅವನು ಎದ್ದು ನಿಂತ.

"ಫೋನ್ ಯಾಕೆ ತೆಗೀಲಿಲ್ಲ?"

"ತೆಗೆದ್ರೆ ನೀವು ಸರಿ ಆಯ್ತಾ ಅಂತ ಕೇಳ್ತಿದ್ರಿ. ಒಂದೂ ಸರಿ ಆಗಿರ್ಲಿಲ್ಲ. ನಿಮಗೆ ಇಲ್ಲ ಅನ್ನೋಕೆ ನನಗೆ ಧೈರ್ಯ ಬರ್ಲಿಲ್ಲ."

"ನೀವು ದೂರು ಕೊಟ್ಟಿರ್ತೀರಿ ಅಂದ್ಕೊಂಡೆ."

"ಯಾರ ಮೇಲೆ? ನನ್ನ ಮೇಲೇನಾ?" ಅವನು ಕಣ್ಣು ತಗ್ಗಿಸಿದ. "ಇಷ್ಟು ವಾರ ಇಲ್ಲಿ ಒತ್ತಿ, ಅಲ್ಲಿ ಒತ್ತಿ ಅಂತ ಹೇಳ್ಕೊಟ್ಟೆ. ಒಳಗೆ ಏನಿದೆ ಅಂತ ಯಾರಿಗೂ ತೋರಿಸ್ಲಿಲ್ಲ. ಲೇತ್ ನೋಡಿ ಬೆಳೆದ ಮಕ್ಕಳು ಇದನ್ನೂ ಹಾಗೇ ತೊಳೆದ್ರು. ಪ್ರೀತಿಯಿಂದ ತೊಳೆದ್ರು. ನಿಮ್ಮ ಮುಖ ನೋಡೋಕೆ ನನಗೇ ನಾಚಿಕೆ ಆಯ್ತು."

ಇಷ್ಟು ದಿನ ಅವಳು ಅತ್ತದ್ದು ಯಾವ ಮೌನಕ್ಕೋ, ಆ ಮೌನದೊಳಗೆ ಇದ್ದದ್ದು ಇದು! ಮಹಾದೇವಿ ಮೊರದ ಮುಂದೆ ಕೂತಳು. ಒಂದು ಗುಂಡಿ ಎತ್ತಿಕೊಂಡಳು.

ಎಷ್ಟು ಉಳಿದಿವೆ ಎಂದು ಕೇಳಿದಳು. ಆರು ಜೀವ ಹಿಡಿದಿವೆ, ಎರಡು ಹೋದವು ಎಂದ ಅವನು. ನಾಳಿದ್ದರೊಳಗೆ ಎಲ್ಲ ಜೋಡಿಸಿ ಮೊದಲಿನಂತೆ ಮಾಡಿಕೊಡುವುದಾಗಿ ಭರವಸೆ ಕೊಟ್ಟ.

"ಬೇಡ. ಗುಂಡಿ ಜೋಡಿಸ್ಬೇಡಿ. ಹೀಗೇ ಕೊಡಿ."

"ಏನಂದ್ರಿ?"

"ಮಕ್ಕಳು ಜೋಡಿಸ್ತಾರೆ. ಅಧಿಕಾರಿ ಮುಂದೆ. ಅದೇ ನನ್ನ ಪಾಠ."

"ಟೀಚರ್, ಸ್ವಲ್ಪ ಎಡವಿದ್ರೂ ಕಂಪ್ಯೂಟರ್ ಎಲ್ಲಾ ಹೊರಟುಹೋಗುತ್ತೆ."

"ಗೊತ್ತು. ನನಗೂ ಭಯ ಆಗ್ತಿದೆ. ಇನ್ನೊಂದು ಮಾತು... ನೀವು ಒಳಗೆ ಇರಬಾರದು. ನೀವಿದ್ರೆ ಎಲ್ಲರೂ ನಿಮ್ಮನ್ನೇ ನೋಡ್ತಾರೆ. ನಾನೂ."

ಕೊನೆಯ ಮಾತು ಹೇಗೆ ಜಾರಿತೋ! ಅವಳು ದಡದಡ ಮೆಟ್ಟಿಲಿಳಿದಳು. ಭದ್ರಮ್ಮ ಅವಳ ಬೆನ್ನನ್ನೂ ಮಗನ ಮುಖವನ್ನೂ ನೋಡಿ, ಹಪ್ಪಳ ಮಗುಚುತ್ತ ಸುಮ್ಮನೆ ತುಟಿಯಂಚಲ್ಲಿ ನಕ್ಕಳು.

ಅಧಿಕಾರಿ ಯಮುನಾ ಮೇಡಂ ಕೊಠಡಿಗೆ ಬಂದವರೇ ಹುಬ್ಬು ಗಂಟಿಕ್ಕಿದರು. ಹಲ್ಲು ಕಿತ್ತ ವಸಡಿನಂತೆ ಬೋಳು ಕೀಬೋರ್ಡುಗಳು. ಪ್ರತಿ ಮೇಜಿನ ಮೇಲೆ ಒಂದು ತಟ್ಟೆ ಗುಂಡಿ. ನರಸಪ್ಪನವರು ಗೋಡೆಗೊರಗಿ ಕಣ್ಣು ಮುಚ್ಚಿದ್ದರು. ದೇವರಾಜ್ ಆಚೆ, ಜಗಲಿಯಲ್ಲಿ.

ಮಹಾದೇವಿ ಏನನ್ನೂ ಮುಚ್ಚಿಡಲಿಲ್ಲ. ತೊಳೆದದ್ದು, ಕೀಲಿ ಕೊಟ್ಟದ್ದು, ಎರಡು ಸತ್ತದ್ದು, ಎಲ್ಲ ಹೇಳಿದಳು. ಆಮೇಲೆ ಮಕ್ಕಳತ್ತ ತಿರುಗಿದಳು.

"ಯಾವ ಅಕ್ಷರ ಎಲ್ಲಿ ಕೂರುತ್ತೆ ಅಂತ ನಾನು ಹೇಳಲ್ಲ. ನೀವೇ ಕಂಡುಹಿಡೀರಿ."

ಮಕ್ಕಳು ಬೋಳು ಕೀಬೋರ್ಡನ್ನೇ ದಿಟ್ಟಿಸಿದರು. ಮೇಡಂ ಗಡಿಯಾರ ನೋಡಿಕೊಂಡರು. ಮಹಾದೇವಿಯ ಬೆರಳು ತಾನಾಗಿಯೇ ಮುಂದಕ್ಕೆ ಹೊರಟಿತು. ಒಂದೇ ಒಂದು ತೋರಿಸಿಬಿಡಲೇ? ತಡೆದಳು. ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

ಆಗ ಬಕೆಟ್ಟಿನ ದಿನ ಮುಂದೆ ಬಂದಿದ್ದ ಅದೇ ಹುಡುಗಿ ಖಾಲಿ ಕುಳಿಯೊಂದನ್ನು ಬೆರಳಿಂದ ಒತ್ತಿದಳು.

ಪರದೆಯ ಮೇಲೆ 'ಕ' ಮೂಡಿತು.

"ಇಲ್ಲಿ ಕ ಐತೆ!"

ಅಷ್ಟೇ! ಆರೂ ಮೇಜುಗಳಲ್ಲಿ ಜೇನುಗೂಡು ಎದ್ದಂತಾಯಿತು. ಒಬ್ಬರು ಒತ್ತುವುದು, ಒಬ್ಬರು ಪರದೆ ಓದುವುದು, ಒಬ್ಬರು ತಟ್ಟೆಯಲ್ಲಿ ಹುಡುಕುವುದು, ಒಬ್ಬರು ಟಕ್ಕೆಂದು ಕೂರಿಸುವುದು. ತಪ್ಪಾದರೆ ಜಗಳ, ಕಿತ್ತು ಮತ್ತೆ ಕೂರಿಸುವುದು. ಕೀಬೋರ್ಡು ಸತ್ತ ಎರಡು ಮೇಜಿನ ಮಕ್ಕಳು ಉಳಿದ ಗುಂಪುಗಳಿಗೆ ನುಗ್ಗಿದರು. ಗಡಿಯಾರ ಮರೆತ ಯಮುನಾ ಮೇಡಂ ಬಗ್ಗಿ ಬಗ್ಗಿ ನೋಡಿದರು, ಕೊನೆಗೆ ತಾವೇ ಒಂದು ಗುಂಡಿ ಎತ್ತಿ ಇದು ಎಲ್ಲಿಗೆ ಎಂದು ಕೇಳಿದರು. ಗಂಟೆ ಬಾರಿಸುವ ಮೊದಲೇ ಆರು ಪರದೆಗಳ ಮೇಲೂ ಮಕ್ಕಳ ಹೆಸರುಗಳು, ತಮ್ಮ ತಮ್ಮ ಊರಿನ ಹೆಸರುಗಳು ಸಾಲುಗಟ್ಟಿದ್ದವು.

ಕಂಪ್ಯೂಟರ್‌ಗಳು ಇಲ್ಲೇ ಇರುತ್ತವೆ ಎಂದರು ಮೇಡಂ. ಸತ್ತ ಎರಡಕ್ಕೆ ಬದಲಿ ಕಳಿಸುತ್ತೇನೆ, ಕೊಠಡಿಗೆ ಇನ್ನು ಬೀಗ ಬೇಡ ಎಂದೂ ಹೇಳಿದರು. ನರಸಪ್ಪನವರು ಕಣ್ಣು ತೆರೆದರು. ಹೊರಡುವಾಗ ಮೇಡಂ ಜಗಲಿಯಲ್ಲಿದ್ದವನಿಗೆ ಕೈ ಮುಗಿದರು. ಇಲ್ಲಿ ನಿಮ್ಮ ಅಗತ್ಯ ಮುಗಿಯಿತು, ಸೋಮವಾರದಿಂದ ಜಿಗಣಿ ಕಡೆಯ ಶಾಲೆಗಳಿಗೆ ಹೋಗಿ ಎಂದು ತಿಳಿಸಿದರು.

ಮಹಾದೇವಿ ಕೇಳಿಸಿಕೊಂಡಳು. ಇಷ್ಟು ದೊಡ್ಡ ಖುಷಿಯೊಳಗೆ ಇಷ್ಟು ದೊಡ್ಡ ನೋವು ಹೇಗೆ ಹಿಡಿಸುತ್ತೆ...

ಮಕ್ಕಳೆಲ್ಲ ಊಟಕ್ಕೆ ಓಡಿದ ಮೇಲೆ ಅವಳು ಜಗಲಿಗೆ ಬಂದಳು. ಅವನು ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದ, ಹೊರಟಿರಲಿಲ್ಲ.

"ಜಿಗಣಿ ದೂರ," ಎಂದಳು.

"ಮಕ್ಕಳು ಸುಮ್ಮನೆ ಕೂತಿದ್ರಲ್ಲ, ಆಗ ಒಂದು ಕ್ಷಣ... ಇವತ್ತು ಪಾಠ ಆಗದೇ ಇರಲಿ ಅಂದ್ಕೊಂಡೆ. ಆಗದಿದ್ರೆ ಇನ್ನೊಂದಷ್ಟು ದಿನ ಇಲ್ಲಿಗೆ ಬರಬಹುದಲ್ಲ ಅಂತ. ಎಂಥ ಮೇಷ್ಟ್ರು ನೋಡಿ ನಾನು."

ಅವಳ ಕಣ್ಣು ತುಂಬಿತು. "ನನಗೂ ಅನ್ನಿಸ್ತು. ಆದ್ರೆ ಸೋತು ನಿಮ್ಮನ್ನ ಉಳಿಸ್ಕೊಳ್ಳೋದು ಬೇಡ ಅನ್ನಿಸ್ತು."

"ಗೆದ್ದು ಉಳಿಸ್ಕೊಳ್ತೀರಾ? ಮಹಾದೇವಿ... ನನಗೆ ನೀವು ಬೇಕು."

ಟೀಚರ್ ಎನ್ನದೆ ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಗೋಡೆಯಾಚೆಯ ಲೇತ್ ಕೂಡ ಆಗ ಊಟಕ್ಕೆ ನಿಂತಿತ್ತು.

"ನಾವು ಗಾರೆ ಕೆಲಸದೋರು. ಬಾಡಿಗೆ ರೂಮು. ನಿಮ್ಮಮ್ಮ ಏನಂತಾರೋ..."

"ಆ ಹುಡುಗಿ ಮತ್ತೆ ಯಾವಾಗ ಬರ್ತಾಳೆ ಅಂತ ದಿನಾ ಕೇಳ್ತಾರೆ."

"ನಾನ್ಯಾಕೆ ಬರಲಿ? ಹೆಣ್ಣು ಕೇಳೋಕೆ ಬರಬೇಕಾದೋರು ನೀವು. ಭಾನುವಾರ ಅಪ್ಪ, ಅವ್ವ ಇಬ್ಬರೂ ಮನೇಲಿರ್ತಾರೆ."

ಅವನ ಮುಖ ಅರಳಿತು. "ಬರ್ತೀವಿ. ಅಮ್ಮ, ನಾನು, ಸೋದರಮಾವ..."

"ಅಷ್ಟು ಜನಕ್ಕೆ ನಮ್ಮ ರೂಮಲ್ಲಿ ಜಾಗ ಇಲ್ಲ. ಒಬ್ಬರು ಹೊಸ್ತಿಲಾಚೆ ನಿಂತ್ಕೋಬೇಕಾಗುತ್ತೆ."

"ನಾನು ನಿಂತ್ಕೊಳ್ತೀನಿ ಬಿಡಿ."

ಮಹಾದೇವಿ ಕಣ್ಣೊರೆಸಿಕೊಂಡು ನಕ್ಕಳು.

"ನಿಂತ್ಕೊಳ್ಳಿ. ಕಾಫಿ ತಗೊಂಡು ನಾನೇ ಆಚೆ ಬರ್ತೀನಿ."